ಮಗ್ಗಿ ಹಳಸದು, ಪಹಣಿ ಹಳಸುತ್ತದೆ

ಎಂಟೊಂಬತ್ತಲಿ ಎಷ್ಟು ಎಂದು ಯಾರಾದರೂ ಕೇಳಿದರೆ ನಾವು ಎಂಟನ್ನು ಒಂಬತ್ತು ಸಲ ಕೂಡುತ್ತ ಕೂರುವುದಿಲ್ಲ. ಎಪ್ಪತ್ತೆರಡು ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಎಂದೋ ಯಾರೋ ಮಾಡಿಟ್ಟ ಲೆಕ್ಕದ ಫಲವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿ ಕೂಡಿಟ್ಟುಕೊಂಡಿದ್ದೇವೆ, ಬೇಕಾದಾಗ ತೆಗೆದು ಬಳಸುತ್ತೇವೆ. ಪ್ರಯೋಗಶಾಲೆಯ ಬೀರುವಿನಲ್ಲಿರುವ ಲಾಗರಿದಮ್ ಕೋಷ್ಟಕವೂ ಇಂಥದ್ದೇ. ಒಮ್ಮೆ ದುಡಿದು ನೂರು ಸಲ ಉಣ್ಣುವ ಜಾಣತನ ಇದು.

ಬೆಂಗಳೂರಿನ ಹೊರವಲಯದ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಗಾಜಿನ ಕಟ್ಟಡಗಳಲ್ಲಿ ಕುಳಿತ ತಂತ್ರಾಂಶ ಎಂಜಿನಿಯರುಗಳು ದಿನವೂ ಎದುರಿಸುವ ಪ್ರಶ್ನೆಯೂ ಇದೇ. ಗಣಕದಿಂದ ಒಮ್ಮೆ ಹುಡುಕಿಸಿ ತೆಗೆದ ಉತ್ತರವನ್ನು ಎಸೆಯುವುದೋ, ಇಟ್ಟುಕೊಳ್ಳುವುದೋ? ಇಟ್ಟುಕೊಂಡರೆ ಅದನ್ನು ಎಷ್ಟು ದಿನ ನಂಬುವುದು? ಇದು ಎಂಜಿನಿಯರುಗಳ ತಲೆನೋವು ಮಾತ್ರವೆಂದು ತಿಳಿಯಬೇಡಿ. ಆ ಕಟ್ಟಡಗಳ ಸುತ್ತಲಿನ ಹಳ್ಳಿಗಳಲ್ಲಿ ಪಹಣಿ ಹಿಡಿದು ನಿಂತ ರೈತನಿಗೂ, ಜೀವಮಾನದ ಉಳಿತಾಯ ಸುರಿದು ನಿವೇಶನ ಕೊಳ್ಳಹೊರಟ ಗುಮಾಸ್ತನಿಗೂ ಇದು ಹೊಟ್ಟೆಪಾಡಿನ ಪ್ರಶ್ನೆ.

ಕೋಷ್ಟಕಗಳ ಕಣಜ

ಮಾಹಿತಿಯನ್ನು ಅಚ್ಚುಕಟ್ಟಾಗಿ ತುಂಬಿಟ್ಟ ಕಣಜಕ್ಕೆ ಡೇಟಾಬೇಸ್ ಅಥವಾ ದತ್ತಸಂಚಯ ಎನ್ನುತ್ತಾರೆ. ಐಬಿಎಂ ಕಂಪನಿಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ 1970ರಲ್ಲಿ ಒಂದು ಪ್ರಬಂಧ ಬರೆದರು. ಎಲ್ಲ ಮಾಹಿತಿಯನ್ನೂ ಸರಳ ಕೋಷ್ಟಕಗಳಲ್ಲಿ ಇಡಿ. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಿರಿ. ಬೇಕಾದಾಗ ಕೋಷ್ಟಕಗಳನ್ನು ಒಂದಕ್ಕೊಂದು ಜೋಡಿಸಿ ಉತ್ತರ ಪಡೆಯಿರಿ - ಇದು ಅವರ ವಾದದ ಸಾರ. ಇದೇ ರಿಲೇಷನಲ್ ಅಥವಾ ಸಂಬಂಧಾತ್ಮಕ ದತ್ತಸಂಚಯ. ಕಾಡ್ ಅವರಿಗೆ 1981ರಲ್ಲಿ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಪಹಣಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆಯಲ್ಲಿ, 2000ನೇ ಇಸವಿಯ ಆಸುಪಾಸಿನಲ್ಲಿ, ಸುಮಾರು 67 ಲಕ್ಷ ರೈತರ ಹೆಚ್ಚುಕಡಿಮೆ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಅದಕ್ಕೂ ಮೊದಲು ಅವು ಸುಮಾರು 9 ಸಾವಿರ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಈಗ ಒಂದು ಸರಳ ಮಾದರಿ ಕಲ್ಪಿಸಿಕೊಳ್ಳಿ. ಒಂದು ಕೋಷ್ಟಕದಲ್ಲಿ ಸರ್ವೆ ನಂಬರು ಮತ್ತು ವಿಸ್ತೀರ್ಣ. ಇನ್ನೊಂದರಲ್ಲಿ ಮಾಲೀಕರ ಹೆಸರು. ಮತ್ತೊಂದರಲ್ಲಿ ಬೆಳೆ. ಮಗದೊಂದರಲ್ಲಿ ಸಾಲದ ಋಣ. ನಿಮ್ಮ ಸರ್ವೆ ನಂಬರನ್ನು ಕೊಟ್ಟರೆ ಗಣಕ ನಾಲ್ಕೂ ಕಡೆ ಹುಡುಕಿ, ಸಿಕ್ಕಿದ್ದನ್ನು ಹೊಲಿದು, ಒಂದು ಹಾಳೆ ಮಾಡಿ ಕೊಡುತ್ತದೆ. ಗಮನಿಸಿ, ಆ ಹಾಳೆ ಮೂಲವಲ್ಲ. ಒಂದು ಪ್ರಶ್ನೆಗೆ ಆ ಕ್ಷಣದಲ್ಲಿ ದೊರೆತ ಉತ್ತರ.

ಒಂದು ಪಹಣಿಯನ್ನು ಹುಡುಕುವುದು ಕಷ್ಟವೇನಲ್ಲ. ಪುಸ್ತಕದ ಕೊನೆಯ ಪದಸೂಚಿಯಂತೆ ಗಣಕದಲ್ಲೂ ಸೂಚಿ ಇರುತ್ತದೆ. ಆದರೆ 'ರಾಜ್ಯದಲ್ಲಿ ತಾಲ್ಲೂಕುವಾರು ಎಷ್ಟು ಎಕರೆ ರಾಗಿ ಇದೆ?' ಎಂದು ಕೇಳಿ ನೋಡಿ. ಕೋಟಿಗಟ್ಟಲೆ ಸಾಲುಗಳನ್ನು ಒಂದೊಂದಾಗಿ ಓದಿ, ವಿಂಗಡಿಸಿ, ಕೂಡಬೇಕು. ಅದೇ ಪ್ರಶ್ನೆಯನ್ನು ಬೆಳಗಿನಿಂದ ಸಂಜೆಯವರೆಗೆ ನೂರು ಅಧಿಕಾರಿಗಳು ಕೇಳಿದರೆ ಆ ದುಡಿಮೆ ನೂರು ಸಲ. ಒಮ್ಮೆ ಕೂಡಿ ಇಟ್ಟುಕೊಂಡರೆ ಉಳಿದ ತೊಂಬತ್ತೊಂಬತ್ತು ಸಲ ಬರೀ ಓದಿದರೆ ಸಾಕು.

ಹೀಗೆ ಕೂಡಿಟ್ಟ ಉತ್ತರಕ್ಕೆ ಎಂಜಿನಿಯರುಗಳು ಮೆಟೀರಿಯಲೈಸ್ಡ್ ವ್ಯೂ ಎಂಬ ಉದ್ದದ ಹೆಸರಿಟ್ಟಿದ್ದಾರೆ. ನಾವು 'ಮೂರ್ತ ನೋಟ' ಎನ್ನಬಹುದು. ಒರೇಕಲ್ ಕಂಪನಿಯ ದತ್ತಸಂಚಯಕ್ಕೆ ಈ ಸೌಲಭ್ಯ ಇದೇ ಹೆಸರಿನಲ್ಲಿ 1999ರಲ್ಲಿ ಬಂತು. ಉಚಿತವಾಗಿ ಸಿಗುವ ಪೋಸ್ಟ್‌ಗ್ರೆಸ್ ದತ್ತಸಂಚಯಕ್ಕೆ 2013ರಲ್ಲಿ.

ಪೀಣ್ಯದ ಬಿನ್ ಕಾರ್ಡು

ಕೂಡಿಡುವುದು ಸುಲಭ. ಕೂಡಿಟ್ಟದ್ದನ್ನು ತಾಜಾ ಆಗಿ ಇಡುವುದೇ ಕಷ್ಟ. ಅದಕ್ಕಿರುವ ಉಪಾಯಗಳನ್ನು ತಿಳಿಯಲು ಗಣಕವೇ ಬೇಕೆಂದಿಲ್ಲ; ಕಾರ್ಖಾನೆಯ ಉಗ್ರಾಣವೊಂದನ್ನು ನೆನೆಸಿಕೊಂಡರೆ ಸಾಕು.

ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಬಿನ್ ಕಾರ್ಡು ಗೊತ್ತಿರುತ್ತದೆ. ಬೋಲ್ಟು, ಬೇರಿಂಗುಗಳನ್ನಿಟ್ಟ ಪ್ರತಿ ಗೂಡಿಗೂ ಒಂದು ರಟ್ಟಿನ ಕಾರ್ಡು. ಮಾಲು ಬಂದಾಗ ಕೂಡಿ, ಹೋದಾಗ ಕಳೆದು, ಉಳಿಕೆ ಬರೆಯುತ್ತಾರೆ. 500 ಬೋಲ್ಟುಗಳಿದ್ದ ಗೂಡಿನಿಂದ 20 ಹೋದರೆ ಉಗ್ರಾಣಿ ಉಳಿದ 480ನ್ನು ಎಣಿಸುವುದಿಲ್ಲ. ಐನೂರರಲ್ಲಿ ಇಪ್ಪತ್ತು ಕಳೆಯುತ್ತಾನೆ. ಮೂಲದಲ್ಲಿ ಆದ ಬದಲಾವಣೆಯಷ್ಟನ್ನೇ ಉತ್ತರಕ್ಕೆ ಸೇರಿಸುವ ಈ ಕ್ರಮ ಮೊದಲನೆಯ ಉಪಾಯ. ವರ್ಷದ ಕೊನೆಗೆ ಎಲ್ಲವನ್ನೂ ಕೆಳಗಿಳಿಸಿ ಎಣಿಸುವ ದಾಸ್ತಾನು ತಪಾಸಣೆ ಎರಡನೆಯದು: ಹಳೆಯ ಉತ್ತರವನ್ನು ಅಳಿಸಿ ಮೊದಲಿನಿಂದ ಲೆಕ್ಕ ಮಾಡುವುದು. ನಮ್ಮ ಕಂದಾಯ ಇಲಾಖೆಯ ಜಮಾಬಂದಿಯೂ ಈ ಜಾತಿಯದೇ. ಕಾರ್ಡು ಹರಿದು ಬಿಸಾಡಿ, ಯಾರಾದರೂ ಕೇಳಿದಾಗ ಮಾತ್ರ ಎಣಿಸುವುದು ಮೂರನೆಯದು. ಗಣಕಗಳು ಈ ಮೂರನ್ನೂ ಬಳಸುತ್ತವೆ.

ಮೊದಲನೆಯ ಉಪಾಯವೇ ಉತ್ತಮವಲ್ಲವೇ ಎಂದು ನೀವು ಕೇಳಬಹುದು. ಎಲ್ಲ ಬಗೆಯ ಉತ್ತರಕ್ಕೂ ಅದು ಒಗ್ಗುವುದಿಲ್ಲ. ಹತ್ತನೆಯ ತರಗತಿಯ 40 ಮಕ್ಕಳ ಅಂಕಗಳ ಮೊತ್ತ ನಿಮ್ಮ ಬಳಿ ಇದೆಯೆನ್ನಿ. ಹೊಸ ವಿದ್ಯಾರ್ಥಿ ಸೇರಿದರೆ ಅವನ ಅಂಕ ಕೂಡಿದರಾಯಿತು. ಬರೀ ಸರಾಸರಿಯನ್ನು ಬರೆದಿಟ್ಟುಕೊಂಡಿದ್ದರೆ ಅದು ಸಾಲದು. ಮಕ್ಕಳ ಸಂಖ್ಯೆಯೂ ಬೇಕು. ಇನ್ನು 625ಕ್ಕೆ ಅತಿ ಹೆಚ್ಚು ಅಂಕ ಎಷ್ಟು ಎಂಬುದನ್ನಷ್ಟೇ ಬರೆದಿಟ್ಟಿದ್ದೀರಿ ಎನ್ನೋಣ. ಹೊಸಬನೊಬ್ಬ ಬಂದರೆ ಹೋಲಿಸಿ ನೋಡಿದರೆ ಸಾಕು. ಆದರೆ ಮೊದಲನೆಯ ಸ್ಥಾನದಲ್ಲಿದ್ದ ಹುಡುಗಿಯೇ ವರ್ಗಾವಣೆ ಪತ್ರ ಪಡೆದು ಬೇರೆ ಊರಿಗೆ ಹೋದರೆ? ಬರೆದಿಟ್ಟ ಸಂಖ್ಯೆಯಿಂದ ಏನೂ ತಿಳಿಯದು. ಇಡೀ ತರಗತಿಯ ಪಟ್ಟಿಯನ್ನು ಮತ್ತೆ ತಿರುವಬೇಕು. ಯಾವ ಉತ್ತರವನ್ನು ತಿದ್ದಿ ಉಳಿಸಿಕೊಳ್ಳಬಹುದು, ಯಾವುದನ್ನು ಹೊಸದಾಗಿಯೇ ಮಾಡಬೇಕು ಎಂಬುದರ ಮೇಲೆ ವಿಜ್ಞಾನಿಗಳು ದಶಕಗಳ ಕಾಲ ದುಡಿದಿದ್ದಾರೆ.

ಬ್ಯಾಂಕಿನ ಖಾತೆಯ ಉಳಿಕೆಯೂ ಬಿನ್ ಕಾರ್ಡಿನಂಥದ್ದೇ. ಖಾತೆ ತೆರೆದ ದಿನದಿಂದ ಆದ ಜಮಾ, ಖರ್ಚುಗಳೆಲ್ಲವನ್ನೂ ಪ್ರತಿಸಲ ಕೂಡುತ್ತ ಹೋದರೆ ಎಟಿಎಂ ಮುಂದೆ ಸಾಲು ಬೆಳೆದೀತು. ಅದಕ್ಕೇ ಬ್ಯಾಂಕ್ ತಂತ್ರಾಂಶಗಳು ಉಳಿಕೆಯನ್ನು ಬರೆದೇ ಇಟ್ಟಿರುತ್ತವೆ. ಎಲೆಕ್ಟ್ರಾನಿಕ್ ಸಿಟಿಯ ಇನ್ಫೊಸಿಸ್ ರೂಪಿಸಿದ ಫಿನಾಕಲ್ ತಂತ್ರಾಂಶವನ್ನು ದೇಶವಿದೇಶಗಳ ಹಲವು ಬ್ಯಾಂಕುಗಳು ಬಳಸುತ್ತವೆ. ಇಂಥ ಕೆಲಸದಲ್ಲಿ ಪಾಲಿಸುವ ನಿಯಮ ಬಹಳ ಕಟ್ಟುನಿಟ್ಟು: ವ್ಯವಹಾರದ ದಾಖಲೆಯೂ ಉಳಿಕೆಯ ತಿದ್ದುಪಡಿಯೂ ಒಟ್ಟಿಗೇ ಆಗಬೇಕು, ಇಲ್ಲವೇ ಎರಡೂ ಆಗಬಾರದು. ನಡುವೆ ವಿದ್ಯುತ್ ಹೋದರೂ ಒಂದು ಮಾತ್ರ ಬರೆದು ಇನ್ನೊಂದು ಬಿಟ್ಟುಹೋಗಕೂಡದು. ಆದರೆ ನಿಮ್ಮ ಕೈಯಲ್ಲಿರುವ ಪಾಸ್‌ಪುಸ್ತಕಕ್ಕೆ ಈ ಭಾಗ್ಯವಿಲ್ಲ. ಮೊನ್ನೆ ಅಚ್ಚಾದ ಉಳಿಕೆ ಇಂದಿನದಲ್ಲವೆಂದು ನಮಗೆಲ್ಲ ಗೊತ್ತು. ಆದ್ದರಿಂದಲೇ ಮೋಸ ಹೋಗುವುದಿಲ್ಲ.

ಉತ್ತರವಲ್ಲ, ದಾರಿಯನ್ನು ಕೂಡಿಡುವುದು

ಕೂಡಿಡುವುದರಿಂದ ಯಾವಾಗಲೂ ಲಾಭವೇ ಎಂದೇನೂ ಇಲ್ಲ. ಮೈಎಸ್‌ಕ್ಯೂಎಲ್ ಎಂಬ ಜನಪ್ರಿಯ ದತ್ತಸಂಚಯದ ಕತೆ ಕೇಳಿ. ಬಂದ ಪ್ರಶ್ನೆ ಮತ್ತು ಕೊಟ್ಟ ಉತ್ತರ ಎರಡನ್ನೂ ನೆನಪಿಟ್ಟುಕೊಳ್ಳುವ ವ್ಯವಸ್ಥೆಯನ್ನು 2001ರ ಸುಮಾರಿಗೆ ಅದಕ್ಕೆ ಸೇರಿಸಿದರು. ಅದೇ ಪ್ರಶ್ನೆ ಅಕ್ಷರಶಃ ಮತ್ತೆ ಬಂದರೆ ಥಟ್ಟನೆ ಉತ್ತರ. ಹಳಸಿದ ಉತ್ತರ ಕೊಡಬಾರದೆಂದು ಒಂದು ನಿಯಮವೂ ಇತ್ತು. ಕೋಷ್ಟಕದ ಒಂದೇ ಒಂದು ಸಾಲು ಬದಲಾದರೂ ಆ ಕೋಷ್ಟಕದಿಂದ ಬಂದ ಎಲ್ಲ ಉತ್ತರಗಳನ್ನೂ ಅದು ಎಸೆಯುತ್ತಿತ್ತು. ಓದುವವರು ಹೆಚ್ಚು, ಬರೆಯುವವರು ಕಡಿಮೆ ಇದ್ದಲ್ಲಿ ಇದು ವರವಾಯಿತು. ಕ್ಷಣಕ್ಷಣಕ್ಕೂ ಬರೆಯುವವರಿದ್ದಲ್ಲಿ ಕೂಡಿಡುವುದು, ಎಸೆಯುವುದು ಇವೇ ದೊಡ್ಡ ಕೆಲಸವಾದವು. ಒಂದೇ ಗಣಕದಲ್ಲಿ ಹಲವು ಸಂಸ್ಕಾರಕಗಳು ಬಂದ ಮೇಲೆ ಎಲ್ಲವೂ ಆ ಒಂದು ಉಗ್ರಾಣದ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುವಂತಾಯಿತು. ಕೊನೆಗೆ 2018ರ ಆವೃತ್ತಿಯಲ್ಲಿ ಆ ವ್ಯವಸ್ಥೆಯನ್ನೇ ಕಿತ್ತುಹಾಕಿದರು.

ಉತ್ತರ ಹಳಸುವುದಾದರೆ ಉತ್ತರದ ಬದಲು ಹುಡುಕುವ ದಾರಿಯನ್ನೇ ಏಕೆ ಕೂಡಿಡಬಾರದು? ಈ ದಿಕ್ಕಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಯಂತ ಹರಿತ್ಸ ಅವರ ದತ್ತಸಂಚಯ ಪ್ರಯೋಗಾಲಯ ಒಳ್ಳೆಯ ಕೆಲಸ ಮಾಡಿತು. ಕಠಿಣ ಪ್ರಶ್ನೆ ಬಂದಾಗ ಯಾವ ಕೋಷ್ಟಕ ಮೊದಲು, ಯಾವುದು ನಂತರ ಎಂದು ಯೋಚಿಸಲಿಕ್ಕೇ ಗಣಕಕ್ಕೆ ಸಾಕಷ್ಟು ಹೊತ್ತು ಬೇಕು. ಆದ್ದರಿಂದ ಒಂದನ್ನೊಂದು ಹೋಲುವ ಪ್ರಶ್ನೆಗಳನ್ನು ಗುಂಪು ಮಾಡಿ, ಒಂದಕ್ಕೆ ಯೋಚಿಸಿದ ದಾರಿಯನ್ನು ಉಳಿದವಕ್ಕೂ ಬಳಸುವ 'ಪ್ಲಾಸ್ಟಿಕ್' ಎಂಬ ವಿಧಾನವನ್ನು ಅವರ ತಂಡ 2002ರಲ್ಲಿ ಹಾಂಗ್‌ಕಾಂಗ್‌ನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿಸಿತು. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡಿಗೆ ಹೋಗುವ ದಾರಿ ಗೊತ್ತಿದ್ದವರು ಕಾಡುಗೋಡಿಗೆ ಹೋಗಲು ಹೊಸದಾಗಿ ನಕಾಶೆ ಬಿಚ್ಚಬೇಕಿಲ್ಲ, ಅಲ್ಲವೇ? ಇಲ್ಲಿ ಉತ್ತರವನ್ನು ಪ್ರತಿಸಲವೂ ಮೂಲದಿಂದಲೇ ತೆಗೆಯುವುದರಿಂದ ಹಳಸುವ ಮಾತೇ ಇಲ್ಲ.

ಕೈಯಲ್ಲಿರುವ ಹಾಳೆ

ಈಗ ಮತ್ತೆ ಪಹಣಿಗೆ ಬರೋಣ. ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ ನೆಲದಲ್ಲಿ. ವೈಟ್‌ಫೀಲ್ಡಿನ ಐಟಿ ಪಾರ್ಕ್ ನಿಂತಿರುವುದು ಪಟ್ಟಂದೂರು ಅಗ್ರಹಾರದಲ್ಲಿ. ರಾಗಿ ಬೆಳೆಯುತ್ತಿದ್ದ ಗುಂಟೆಗಳಿಗೆ ಈ ಭಾಗದಲ್ಲಿ ಚಿನ್ನದ ಬೆಲೆ ಬಂದಾಗ ಪಹಣಿಯ ಜೆರಾಕ್ಸ್ ಪ್ರತಿಗಳೂ ಕೈಯಿಂದ ಕೈಗೆ ಓಡಾಡತೊಡಗಿದವು.

ಒಂದು ಕಲ್ಪಿತ ಉದಾಹರಣೆ ನೋಡಿ. ಜನವರಿಯಲ್ಲಿ ತೆಗೆದ ಪಹಣಿಯ ಹನ್ನೊಂದನೆಯ ಕಾಲಂ ಖಾಲಿ, ಋಣವಿಲ್ಲ, ತಕರಾರಿಲ್ಲ. ಮಾರ್ಚಿಯಲ್ಲಿ ಮಾಲೀಕ ಬ್ಯಾಂಕಿನಲ್ಲಿ ಸಾಲ ಎತ್ತುತ್ತಾನೆ. ಏಪ್ರಿಲಿನಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಭೂಸ್ವಾಧೀನದ ನಮೂದು ಬೀಳುತ್ತದೆ. ಜೂನ್ ತಿಂಗಳಲ್ಲಿ ದಲ್ಲಾಳಿ ತೋರಿಸುವುದು ಜನವರಿಯ ಹಾಳೆಯನ್ನೇ! ಅದು ಖೋಟಾ ಅಲ್ಲ; ಸರ್ಕಾರವೇ ಕೊಟ್ಟ ಅಪ್ಪಟ ಸತ್ಯ, ಜನವರಿಯ ಸತ್ಯ. ಮೂಲ ಬದಲಾದದ್ದನ್ನು ಆ ಹಾಳೆಗೆ ಹೇಳುವವರು ಯಾರೂ ಇಲ್ಲ. ಅದು ಬಳ್ಳಿಯಿಂದ ಕಿತ್ತ ಕಾಯಿ.

ಈ ದೃಷ್ಟಿಯಿಂದ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ಹೆಚ್ಚು ಪ್ರಾಮಾಣಿಕ. ಇಂಥ ದಿನದಿಂದ ಇಂಥ ದಿನದವರೆಗೆ ಹುಡುಕಿದ್ದೇವೆ ಎಂದು ಅದು ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುತ್ತದೆ. ಕೊನೆಯ ತಾರೀಖಿನ ಮರುದಿನ ನಡೆದದ್ದಕ್ಕೆ ಅದು ಜವಾಬ್ದಾರಿಯಲ್ಲ. ಓದುವವರು ಆ ಸಾಲನ್ನು ಓದಬೇಕಷ್ಟೆ.

ಭೂಮಿ ಯೋಜನೆ ತಾಲ್ಲೂಕಿನಿಂದ ತಾಲ್ಲೂಕಿಗೆ ಹಬ್ಬಿದಂತೆ ಅಲ್ಲೆಲ್ಲ ಕೈಬರಹದ ಪಹಣಿಯನ್ನು ಅಮಾನ್ಯಗೊಳಿಸಿದರು. 15 ರೂಪಾಯಿ ಕೊಟ್ಟು ಗಣಕದ ಪಹಣಿ ಪಡೆಯುವುದು ಆಗ ರೂಢಿಗೆ ಬಂತು. ಕೈಬರಹದ್ದನ್ನು ಏಕೆ ನಿಲ್ಲಿಸಬೇಕಿತ್ತು ಎಂದು ಕೆಲವರು ಗೊಣಗಿದ್ದುಂಟು. ಕಾರಣ ಕಾಡ್ ಅವರ ಮಾತಿನಲ್ಲೇ ಇದೆ. ಒಂದೇ ಸಂಗತಿ ಎರಡು ಕಡೆ ಇದ್ದು, ಎರಡನ್ನೂ ಬೇರೆಬೇರೆಯಾಗಿ ತಿದ್ದಬಹುದಾದರೆ, ಒಂದು ದಿನ ಅವು ಜಗಳವಾಡುತ್ತವೆ. ಮುಂದೆ ನೋಂದಣಿ ಇಲಾಖೆಯ 'ಕಾವೇರಿ' ತಂತ್ರಾಂಶವನ್ನು ಭೂಮಿಗೆ ಜೋಡಿಸಿ, ಕ್ರಯಪತ್ರ ನೋಂದಣಿಯಾದ ಸುದ್ದಿ ಹಕ್ಕು ಬದಲಾವಣೆಗೆ ತಾನಾಗಿ ತಲುಪುವಂತೆ ಮಾಡಿದರು. ಬೆಳೆಸಾಲದ ಋಣವನ್ನು ಬ್ಯಾಂಕು ತಾನೇ ಪಹಣಿಯಲ್ಲಿ ದಾಖಲಿಸಲು 'ಫ್ರೂಟ್ಸ್' ವ್ಯವಸ್ಥೆ ಬಂತು. ಮೂಲ ಬದಲಿಸುವವನೇ ಸುದ್ದಿ ಮುಟ್ಟಿಸಬೇಕು ಎಂಬುದೇ ಇವೆರಡರ ತಿರುಳು.

ಆದರೂ ಒಂದು ಕಡೆ ಗಣಕ ನಿಸ್ಸಹಾಯಕ. ಮೂಲವೇ ಹಳಸಿದ್ದರೆ? ತಾತ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪೌತಿ ಖಾತೆ ಮಾಡಿಸದೆ ಪಹಣಿ ಅವರ ಹೆಸರಿನಲ್ಲೇ ಇರುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿಲ್ಲ! ಅಲ್ಲಿ ಈ ಬೆಳಿಗ್ಗೆ ತೆಗೆದ ಪಹಣಿಯೂ ತಂಗಳೇ. ಮೊಮ್ಮಗ ಸಾಲಕ್ಕೋ ಬೆಳೆ ಪರಿಹಾರಕ್ಕೋ ಹೋದಾಗ ಅಡ್ಡಿ ಬರುವುದು ಆಗಲೇ. ಸಾವಿನ ಸುದ್ದಿಯನ್ನು ಕೋಷ್ಟಕಕ್ಕೆ ಮುಟ್ಟಿಸಬೇಕಾದವರು ಆ ಮನೆಯವರು.

ಹಾಗಾದರೆ ಕೂಡಿಟ್ಟ ಉತ್ತರವನ್ನು ನಂಬಬಾರದೇ? ಖಂಡಿತ ನಂಬಬಹುದು, ಮೂರು ಪ್ರಶ್ನೆ ಕೇಳಿಕೊಂಡು. ಇದು ಯಾವ ದಿನದ ಉತ್ತರ? ಆ ದಿನದ ನಂತರ ಮೂಲ ಬದಲಾಗುವ ಸಂಭವವೆಷ್ಟು? ಬದಲಾಗಿದ್ದರೆ ನನಗಾಗುವ ನಷ್ಟವೇನು? ರಾಗಿಯ ಒಟ್ಟು ಎಕರೆ ನಿನ್ನೆಯದಾದರೂ ಅಧಿಕಾರಿಗೆ ತೊಂದರೆಯಿಲ್ಲ. ಮುಂಗಡ ಹಣ ಎಣಿಸಿಕೊಡುವ ಮುನ್ನ ನೋಡುವ ಪಹಣಿ ಅಂದು ಬೆಳಿಗ್ಗೆಯದೇ ಆಗಿರಬೇಕು, ಅದೂ ಮಾರುವವನು ತಂದದ್ದಲ್ಲ, ಕೊಳ್ಳುವವನೇ ತೆಗೆಸಿದ್ದು. ಎಂಟೊಂಬತ್ತಲಿ ಎಪ್ಪತ್ತೆರಡು ಎಂಬುದಕ್ಕೆ ತಾರೀಖು ಬೇಕಿಲ್ಲ. ಉಳಿದ ಉತ್ತರಗಳಿಗೆಲ್ಲ ಬೇಕು.