ಅಲಾರಂ ಅಳಿಸುವ ಮುನ್ನ

ಕಚೇರಿಗೆ ಬರುವ ಫೋನ್ ಲೈನ್‌ಗಳನ್ನು ಒಳಗಿನ ಮೇಜುಗಳಿಗೆ ಜೋಡಿಸುವ ಪೆಟ್ಟಿಗೆಯೇ ಇಪಿಎಬಿಎಕ್ಸ್. 1986ರಲ್ಲಿ ಕಿತ್ತೂರಿನಲ್ಲಿ ಶುರುವಾದ ಸಿ-ಡಾಟ್ ಗ್ರಾಮೀಣ ಎಕ್ಸ್‌ಚೇಂಜ್ ಊರಿಗೆ ಮಾಡಿದ ಕೆಲಸವನ್ನೇ ಇದು ಕಚೇರಿಗೆ ಮಾಡುತ್ತದೆ. ಸಣ್ಣ ದೋಷಕ್ಕೆ ‘ಮೈನರ್’ ಅಲಾರಂ; ಹಲವು ಫೋನ್‌ಗಳು ನಿಲ್ಲುವಂತಿದ್ದರೆ ‘ಮೇಜರ್’.

ನನ್ನ ಮಾಮು ಭದ್ರಾವತಿಯ ಒಂದು ಕಚೇರಿಯಲ್ಲಿ ಇದನ್ನು ನೋಡಿಕೊಳ್ಳುತ್ತಾರೆ. ರಜೆಯಲ್ಲಿ ಶಿವಮೊಗ್ಗದಿಂದ ಹೋಗಿದ್ದಾಗ ಕೆಂಪು ದೀಪ ಕಂಡು, “ಕ್ಲಿಯರ್ ಒತ್ತಲಾ ಮಾಮು?” ಎಂದೆ.

“ಮೊದಲು ಬರೆದುಕೋ,” ಎಂದರು. ಸಮಯ, ಅಲಾರಂ ನಂಬರ್, ಯಾವ ಭಾಗ ಎಂದು ಬರೆದೆ. ಬ್ಯಾಟರಿಯ ತುದಿಯಲ್ಲಿ ಬಿಳಿ ಪುಡಿ ಕಟ್ಟಿ ಚಾರ್ಜ್ ಆಗುತ್ತಿರಲಿಲ್ಲ. ಹಿಂದಿನ ವಾರ ಯಾರೋ ಕಾರಣ ನೋಡದೆ ಅಲಾರಂ ಅಳಿಸಿದ್ದರಂತೆ. ಆ ರಾತ್ರಿ ಕರೆಂಟ್ ಹೋದಾಗ ಫೋನ್‌ಗಳೆಲ್ಲ ಸತ್ತವು. ಗೇಟಿನ ವಾಚ್‌ಮನ್‌ಗೆ ಎದೆನೋವು ಬಂದರೂ ಒಳಗೆ ತಿಳಿಸಲಾಗದೆ, ನಡೆದೇ ಬಂದರಂತೆ.

ಮಾಮು ಬ್ಯಾಟರಿಯ ಸ್ವಿಚ್ ಆಫ್ ಮಾಡಿ, ತುದಿ ಉಜ್ಜಿ, ತಂತಿ ಬಿಗಿದರು. ಆಮೇಲೆ ಕ್ಲಿಯರ್ ಒತ್ತಿದೆ. ಸ್ವಲ್ಪ ಹೊತ್ತು ಕಾದೆವು. ದೀಪ ಮತ್ತೆ ಹತ್ತಲಿಲ್ಲ.

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವಲ್ಲ? ತಪ್ಪು ಹುಡುಕದೆ ಆ ಖಾತೆ ಮುಚ್ಚುವಂತಿಲ್ಲ. ಅಲಾರಂ ಕೂಡ ಹಾಗೆಯೇ.