ದಾರಿ ಹೇಳುವವರು ಯಾರು?

ಮಕ್ಕಳೇ, ಕಡೂರಿನಿಂದ ಹೊರಟ ರೈಲು ಬೀರೂರು ಜಂಕ್ಷನ್ ತಲುಪುತ್ತದೆ. ಅಲ್ಲಿಂದ ಒಂದು ಹಳಿ ತರೀಕೆರೆಗೆ, ಇನ್ನೊಂದು ಅಜ್ಜಂಪುರಕ್ಕೆ. ಯಾವ ಹಳಿ ಹಿಡಿಯಬೇಕೆಂದು ಚಾಲಕರು ತಾವೇ ತೀರ್ಮಾನಿಸುವುದಿಲ್ಲ. ಎಲ್ಲ ರೈಲುಗಳ ಓಡಾಟ ಬಲ್ಲ ಕಂಟ್ರೋಲ್ ರೂಮಿನ ಸೂಚನೆಯಂತೆ ನಿಲ್ದಾಣದವರು ಹಳಿ ಜೋಡಿಸುತ್ತಾರೆ. ಇಂಥದೇ ಉಪಾಯ ಹೊಲದಲ್ಲಿಡುವ ಪುಟ್ಟ ಯಂತ್ರಗಳಿಗೂ ಬಂದಿದೆ. ಹೇಗೆ ನೋಡೋಣವೇ?

ಸುದ್ದಿ ಕಳುಹಿಸುವ ಹೊಲ

2000ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಪಾವಗಡ ತಾಲ್ಲೂಕಿನ ಚನ್ನಕೇಶವಪುರದಲ್ಲಿ ಒಂದು ಪ್ರಯೋಗ ನಡೆಸಿದರು. ಮಳೆಯನ್ನೇ ನಂಬಿದ ರೈತರಿಗಾಗಿ ಹೊಲಗಳಲ್ಲಿ ಸಂವೇದಕಗಳನ್ನು ಇಟ್ಟರು. ಇವು ಮಣ್ಣಿನ ತೇವವನ್ನು ಅಳೆದು, ರೇಡಿಯೊ ಅಲೆಗಳ ಮೂಲಕ ಕಳುಹಿಸುತ್ತಿದ್ದವು. ಇಂಥ ಪುಟ್ಟ ಯಂತ್ರದ ಅಲೆ ಬಹು ದೂರ ಹೋಗದು. ಆದ್ದರಿಂದ ಸಾಲಾಗಿ ನಿಂತು ನೀರಿನ ಕೊಡ ದಾಟಿಸುವಂತೆ, ಒಂದು ಸಂವೇದಕ ಇನ್ನೊಂದಕ್ಕೆ ಸುದ್ದಿ ದಾಟಿಸಬೇಕು. ಇದೇ ನಿಸ್ತಂತು ಸಂವೇದಕ ಜಾಲ.

ಬ್ಯಾಟರಿಯೇ ಪ್ರಾಣ

ಸಾಮಾನ್ಯವಾಗಿ ಅಳೆಯುವುದಕ್ಕಿಂತ ಸುದ್ದಿ ಕಳುಹಿಸಲು ಹೆಚ್ಚು ವಿದ್ಯುತ್ ಬೇಕು. ಒಂದೇ ದಾರಿಯಲ್ಲಿ ಎಲ್ಲರ ಸುದ್ದಿಯೂ ಹೋದರೆ, ಆ ದಾರಿಯ ಸಂವೇದಕದ ಬ್ಯಾಟರಿ ಬೇಗ ಮುಗಿಯುತ್ತದೆ. ಆಗ ಅದರ ಆಚೆಗಿನವು ಚೆನ್ನಾಗಿದ್ದರೂ ಅವುಗಳ ಸುದ್ದಿ ಬಾರದು. ಹೊಲ ಒಣಗಿದ್ದು ರೈತರಿಗೆ ತಿಳಿಯುವುದಿಲ್ಲ!

ಜಾಲಕ್ಕೂ ಕಂಟ್ರೋಲ್ ರೂಮ್

ಹಳೆಯ ವಿಧಾನದಲ್ಲಿ ಪ್ರತಿ ಸಂವೇದಕವೂ ನೆರೆಯವರನ್ನಷ್ಟೇ ಕೇಳಿ ದಾರಿ ಆರಿಸುತ್ತದೆ. ಹೊಸ ವಿಧಾನದಲ್ಲಿ 'ನಿಯಂತ್ರಕ' ಎಂಬ ಕಂಪ್ಯೂಟರ್ ಪ್ರೋಗ್ರಾಂ ಇಡೀ ಜಾಲವನ್ನು ಗಮನಿಸುತ್ತದೆ. ಯಾರಲ್ಲಿ ಎಷ್ಟು ಬ್ಯಾಟರಿ ಉಳಿದಿದೆ, ಯಾರ ಅಲೆ ಯಾರಿಗೆ ತಲುಪುತ್ತದೆ ಎಂದು ತಿಳಿದು, 'ಇವರಿಗೆ ಕೊಡು' ಎಂಬ ನಿಯಮವನ್ನು ಪ್ರತಿಯೊಂದಕ್ಕೂ ಕಳುಹಿಸುತ್ತದೆ. ಒಂದು ಸಂವೇದಕ ಸೊರಗಿದರೆ ನಿಯಮ ಬದಲಿಸಿ, ಹೊರೆಯನ್ನು ಬೇರೆಯವಕ್ಕೆ ಹಂಚುತ್ತದೆ. ಇದು ಸಾಫ್ಟ್‌ವೇರ್ ಆಧಾರಿತ ಜಾಲ. ದೊಡ್ಡ ಕಂಪ್ಯೂಟರ್ ಜಾಲಗಳಿಗಾಗಿ 2008ರಲ್ಲಿ 'ಓಪನ್‌ಫ್ಲೋ' ಎಂಬ ಇಂಥ ವ್ಯವಸ್ಥೆ ಬಂದಿತು. 2012ರಲ್ಲಿ ಸಂಶೋಧಕರು ಅದನ್ನು ಸಂವೇದಕಗಳಿಗೂ ಹೊಂದಿಸುವ ಬಗೆಯನ್ನು ಸೂಚಿಸಿದರು.

ಆದರೆ ಒಂದು ತೊಡಕಿದೆ. ಆಜ್ಞೆಯನ್ನು ಕೇಳಿಸಿಕೊಳ್ಳಲೂ ಬ್ಯಾಟರಿ ಖರ್ಚಾಗುತ್ತದೆ. ಆದ್ದರಿಂದ ನಿಯಂತ್ರಕ ಮಿತಭಾಷಿಯಾಗಿರಬೇಕು!

ಆಡಿ ನೋಡಿ

ಒಬ್ಬರು 'ಹೊಲ', ಒಬ್ಬರು 'ಊರು', ನಡುವೆ ಮೂವರು 'ಸಂವೇದಕ'ರು. ಮೂವರಿಗೂ ನಾಲ್ಕು ನಾಲ್ಕು ಹುಣಸೆಬೀಜ ಕೊಡಿ. ಇದೇ ಅವರ ಬ್ಯಾಟರಿ. ಹೊಲದಿಂದ ಊರಿಗೆ ಒಂದು ಚೀಟಿ ದಾಟಿಸಿದರೆ ಒಂದು ಬೀಜ ಖರ್ಚು. ಮೊದಲು ಒಬ್ಬರ ಮೂಲಕವೇ ಚೀಟಿ ಕಳುಹಿಸಿ. ನಾಲ್ಕಕ್ಕೇ ಆಟ ನಿಲ್ಲುತ್ತದೆ. ಈಗ ಬೀಜಗಳನ್ನು ಮರಳಿ ಕೊಟ್ಟು, ಒಬ್ಬರನ್ನು ನಿಯಂತ್ರಕರನ್ನಾಗಿ ಮಾಡಿ. ಅವರು ದಾರಿ ಬದಲಿಸಿದಾಗಲೆಲ್ಲ ಹೊಸ ದಾರಿಯವರು ಒಂದು ಬೀಜ ಕಳೆದುಕೊಳ್ಳಬೇಕು. ಯಾವಾಗ ದಾರಿ ಬದಲಿಸಿದರೆ ಅತಿ ಹೆಚ್ಚು ಚೀಟಿ ಊರು ಸೇರುತ್ತವೆ? ನೀವೇ ಕಂಡುಹಿಡಿಯಿರಿ.