ಸವೆದ ಬೆರಳೂ ದಾನದ ದುಡ್ಡೂ

ಹಿಂಗಾರಿ ಜೋಳ, ಕಡಲೆಯ ರಾಶಿ ಮುಗಿದರೆ ಹುನಗುಂದ, ಇಳಕಲ್ ಕಡೆಯ ಒಣಬೇಸಾಯದ ಮನೆಗಳಲ್ಲಿ ಕೈಗೆ ಕೆಲಸವಿಲ್ಲ. ‘ದುಡಿಯಾಕ ಹೋಗ್ಯಾರ’ ಅಂದರೆ ಬೆಂಗಳೂರಿಗೆ, ಮಂಗಳೂರಿಗೆ ಇಲ್ಲವೇ ಗೋವಾಕ್ಕೆ. ಮೊದಲೆರಡು ಊರಿಗೆ ಹೋದವರು ರಾಜ್ಯದೊಳಗೇ ಇರುತ್ತಾರೆ. ಗೋವಾಕ್ಕೆ ಹೋದವರ ಲೆಕ್ಕವೇ ಬೇರೆ.

ಪಡಿತರವನ್ನೇ ನೋಡಿ. ಕರ್ನಾಟಕ, ಗೋವಾ ಸೇರಿ 12 ರಾಜ್ಯಗಳಲ್ಲಿ 2020ರ ಜನವರಿ 1ರಿಂದ ಒಂದು ರಾಜ್ಯದ ಕಾರ್ಡು ಇನ್ನೊಂದರಲ್ಲಿ ನಡೆಯುತ್ತಿದೆ. ಆದರೆ ಸಿಗುವುದು ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ: ಆದ್ಯತಾ ಕುಟುಂಬಕ್ಕೆ ತಲೆಗೆ 5 ಕಿಲೊ. ಅನ್ನಭಾಗ್ಯದಲ್ಲಿ ಕರ್ನಾಟಕ ಮೇಲೆ ಸೇರಿಸುವ ಪಾಲು ಗಡಿ ದಾಟುವುದಿಲ್ಲ.

ಆ 5 ಕಿಲೊ ಸಿಗಬೇಕಾದರೂ ಪಡಿತರ ಅಂಗಡಿಯ ಯಂತ್ರ ಹೆಬ್ಬೆರಳನ್ನು ಒಪ್ಪಬೇಕು. ಕಟ್ಟಡದಲ್ಲಿ ದುಡಿಯುವವರ ಬೆರಳು ಸವೆದಿರುತ್ತದೆ: ಹಸಿ ಸಿಮೆಂಟಿನ ಪಿಎಚ್ 12ಕ್ಕಿಂತ ಹೆಚ್ಚು. ಅಂಥ ಕ್ಷಾರ ಚರ್ಮದ ಹೊರಪದರವನ್ನು ತಿನ್ನುತ್ತದೆ. ಉಳಿದದ್ದನ್ನು ಇಟ್ಟಿಗೆ, ಕಲ್ಲು ಉಜ್ಜುತ್ತವೆ. ಬೆರಳಚ್ಚಿನ ಗೆರೆಗಳ ಬುನಾದಿ ಚರ್ಮದ ಆಳದಲ್ಲಿರುವುದರಿಂದ ಕೆಲವು ವಾರ ಕೆಲಸ ಬಿಟ್ಟರೆ ಅವು ಮತ್ತೆ ಮೂಡುತ್ತವೆ. ಕೆಲಸ ಬಿಟ್ಟರೆ ಕೂಲಿ ಎಲ್ಲಿಂದ ಬರಬೇಕು? ಐರಿಸ್ ಸ್ಕ್ಯಾನರ್, ಮೊಬೈಲ್ ಒಟಿಪಿಯಂಥ ಬದಲಿ ದಾರಿಗಳಿವೆ. ಅವನ್ನು ಕೇಳಿ ಪಡೆಯಬಹುದೆಂದು ತಿಳಿಸಿ, ಅಂಗಡಿಯೆದುರು ಜೊತೆಗೆ ನಿಲ್ಲುವವರು ಬೇಕು.

ದಾನದ ದುಡ್ಡು ಸಲ್ಲಬೇಕಾದದ್ದು ಇಂಥ ಕಡೆಗೆ. ಅಕ್ಕಿಯ ಕಿಟ್ಟು ತಿಂಗಳಿಗೆ ತೀರುತ್ತದೆ, ಚಾಲೂ ಆದ ಕಾರ್ಡು ವರ್ಷವಿಡೀ ಉಣಿಸುತ್ತದೆ. ಕೊರೊನಾ ಕಾಲದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ, 2020ರ ಮೇ 28ರಂದು ಮುಂಬೈಯಿಂದ ರಾಂಚಿಗೆ ಸುಮಾರು 170 ಕಾರ್ಮಿಕರನ್ನು ವಿಮಾನದಲ್ಲಿ ಕಳಿಸಿದರು. ಮೆಚ್ಚಬೇಕಾದ ಕೆಲಸವೇ. ಅದೇ ತಿಂಗಳ 12ರಂದು ಕರ್ನಾಟಕ ಹೈಕೋರ್ಟು, ಟಿಕೆಟ್ಟಿಗೆ ಹಣವಿಲ್ಲವೆಂಬ ಒಂದೇ ಕಾರಣಕ್ಕೆ ಯಾವ ವಲಸೆ ಕಾರ್ಮಿಕನಿಗೂ ಊರಿಗೆ ಮರಳುವ ಅವಕಾಶ ತಪ್ಪಬಾರದು ಎಂದಿತು. ವಿಮಾನದಲ್ಲಿ ಆಸನ ಇಷ್ಟೇ ಎಂದಿರುತ್ತದೆ; ಆದೇಶಕ್ಕೆ ಆ ಮಿತಿಯಿಲ್ಲ.

ಕಾಗದಪತ್ರದ ತೊಡಕು ಪಡಿತರಕ್ಕೇ ಮುಗಿಯದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ಮಂಡಳಿ ರಾಜ್ಯಕ್ಕೊಂದು. ಎರಡು ತಿಂಗಳು ಗೋವಾ, ಎರಡು ತಿಂಗಳು ಬೆಂಗಳೂರು ಎಂದು ಅಲೆಯುವವನು ಕಾಗದಪತ್ರ ಹೊಂದಿಸುವಷ್ಟರಲ್ಲಿ ಮತ್ತೆ ಬಿತ್ತಿಗೆ ಬಂದಿರುತ್ತದೆ. ಗೋವಾದ ದಯಾನಂದ ಸಾಮಾಜಿಕ ಭದ್ರತಾ ಪಿಂಚಣಿಗಂತೂ ಅಲ್ಲಿ 15 ವರ್ಷ ನೆಲೆಸಿರಬೇಕು.

ಕಂಪನಿಗಳ ಸಾಮಾಜಿಕ ಹೊಣೆಯ (ಸಿಎಸ್‌ಆರ್) ಹಣ ಕಟ್ಟಡ, ಕಂಪ್ಯೂಟರಿನತ್ತ ವಾಲುತ್ತದೆ. ಅವುಗಳ ಮೇಲೆ ಹೆಸರಿನ ಫಲಕ ಹಾಕಬಹುದು, ವಕೀಲನ ಕೋಟಿನ ಮೇಲೆ ಆಗದು! ಉದಯಪುರದ ಆಜೀವಿಕಾ ಬ್ಯೂರೋ 2005ರಿಂದ ರಾಜಸ್ಥಾನದ ವಲಸಿಗರಿಗೆ ಗುರುತಿನ ಚೀಟಿ ಮಾಡಿಸುವುದು, ಬಾಕಿ ಕೂಲಿ ಕೊಡಿಸುವುದು ಇಂಥ ಕೆಲಸಗಳನ್ನು ಹಿಡಿದಿದೆ, ಊರಲ್ಲೂ ದುಡಿಯುವ ನಗರದಲ್ಲೂ.

ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ದುಶ್ಚಟಗಳನ್ನು ಬೇಡಿದ ಸೀಮೆ ಇದು. ಇಲ್ಲಿನ ದಾನಿಗಳು ತಮ್ಮ ದಾಸೋಹದ ಖರ್ಚಿನಲ್ಲಿ, ಗೋವಾದ ವಾಸ್ಕೋದಲ್ಲೋ ಮಡಗಾಂವಿನಲ್ಲೋ ಕೂರುವ ಕನ್ನಡ ಬಲ್ಲ ಒಬ್ಬ ಕಾನೂನು ಸಹಾಯಕನ ಸಂಬಳವನ್ನೂ ಸೇರಿಸಲಿ.